ಬಣ್ಣಕ್ಕೆ ಬಂದು ನಿಂತ ಆಟ

ಇಳಕಲ್ಲಿನ ಓಣಿಯಲ್ಲಿ ಸಂಜೆ ಕರೆಂಟು ಹೋಗಿತ್ತು. ಪವರ್‌ಲೂಮುಗಳ ಸದ್ದು ಒಮ್ಮೆಲೇ ಅಡಗಿ ಓಣಿಗೆ ಕಿವಿ ಬಂದಂತಾಯಿತು. ಪಡಸಾಲೆಯಲ್ಲಿ ಆಯಿ, ಸುತ್ತ ನಾಲ್ಕು ಮೊಮ್ಮಕ್ಕಳು.

“ಮಗ್ಗ” ಅಂದಳು ಹಿರಿಯಳು. ಕೊನೆಯ ಅಕ್ಷರ ಹಿಡಿದು ಮುಂದಿನವರು ಮಾತು ಹುಟ್ಟಿಸಬೇಕು. ಕಾಗುಣಿತ ಯಾವುದಾದರೂ ನಡೆದೀತು. ಗೋಮಿ. ಮಲಪ್ರಭಾ. ಭಜಿ. ಜೋಳ. ಅಲ್ಲಿ ತಡೆಯಿತು. ಳ-ದಿಂದ ಶುರುವಾಗುವ ಮಾತು ಕನ್ನಡದಲ್ಲೆಲ್ಲಿದೆ?

“ಳ ಬಂದ್ರ ಲ ಹಿಡೀರಿ” ಆಯಿಯ ತೀರ್ಪು. ಲಂಗ, ಗಾಡಿ, ಡಬ್ಬಿ, ಬಾದಾಮಿ, ಮಹಾಕೂಟ. ಈಗ ಟ. ಸಣ್ಣವಳು ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ನೆಲ ಕೆರೆದು, ಕಡೆಗೆ “ಟಗರು!” ಎಂದು ಕೂಗಿದಳು. ಆ ತಡಕಾಟದಲ್ಲೇ ಇದೆ ಈ ಆಟದ ಸತ್ವ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಎಂದು ನೆನಪಿನ ಪರೀಕ್ಷೆ ಮಾಡುವ ಡಾಕ್ಟರು ಕೇಳುವುದೂ ಇದನ್ನೇ.

ಆಯಿಗೆ ಆ ಪರೀಕ್ಷೆ ಮದುವೆಯ ದಿನವೇ ಆಗಿತ್ತು. ಒಡಪಿನಲ್ಲಿ ಗಂಡನ ಹೆಸರು ಹೇಳದೆ ಹೊಸಿಲು ದಾಟಿಸುತ್ತಿರಲಿಲ್ಲ. ಹೆಸರು ಕೊನೆಗೆ ಬರಬೇಕು, ಹಿಂದಿನ ಮಾತು ಅದಕ್ಕೆ ಪ್ರಾಸವಾಗಬೇಕು. ಅಂದರೆ ಬಾಲದಿಂದ ತಲೆಗೆ ಕಟ್ಟುತ್ತ ಬರಬೇಕು. (ಅಪ್ಪ ಎಂದು ಮುಗಿಯುವ ಹೆಸರಿಗೆ ತುಪ್ಪ ತಪ್ಪಿದ್ದಲ್ಲ!) ಮಾತನ್ನು ಹೊರಳಿಸುವ ಚಾಳಿ ಈ ಸೀಮೆಗೆ ಹಳೆಯದು. ಬಾದಾಮಿಯ ಬಂಡೆಯ ಮೇಲೆ, ಸುಮಾರು 700ನೆಯ ಇಸವಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಕನ್ನಡದ ಹಳೆಯ ತ್ರಿಪದಿಗಳಿವೆ.

ಒಳಗೆ ಕೈಮಗ್ಗದ ಮುಂದೆ ಮಗ ಬಾಗಿ ಕೂತಿದ್ದ, ಮೊಬೈಲಿನ ಬೆಳಕಿನಲ್ಲಿ. ಇಳಕಲ್ ಸೀರೆಯ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕಬೇಕು. ಒಂದು ತಪ್ಪಿದರೆ ಅಲ್ಲಿ ಸೀಳು. ಅವನ ಬೆರಳು, ಹೊರಗಿನ ಮಕ್ಕಳ ನಾಲಿಗೆ, ಎರಡೂ ಹಿಂದಿನ ತುದಿ ಹುಡುಕುತ್ತಿದ್ದವು.

ರೊಟ್ಟಿ, ಟೋಪಿ, ಪರಾಸ, ಸೆರಗು, ಗುಲಾಬಿ, ಬಣ್ಣ.

ಹುಡುಗ ಬಾಯಿ ತೆರೆದು ಕೂತ. ಣ!

“ನ ತಗೋಳೋ” ಒಳಗಿಂದಲೇ ಅಪ್ಪನ ದನಿ.

ಅಷ್ಟರಲ್ಲಿ ಕರೆಂಟು ಬಂತು. ಪವರ್‌ಲೂಮುಗಳ ಸದ್ದಿನಲ್ಲಿ ಅವನು ಹೇಳಿದ ಮಾತು ಯಾರಿಗೂ ಕೇಳಲಿಲ್ಲ.