ಬಾನೆಟ್ಟಿನಿಂದ ಡಿಕ್ಕಿಗೆ ಒಂದು ಕೆಂಪು ವೈರು

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಟೌನ್‌ಹಾಲ್ ಕಡೆಯಿಂದ ಮಿನರ್ವ ಸರ್ಕಲ್‌ನತ್ತ ಹೊರಟರೆ ಕಾರಿಗೆ ಬೇಕಾದ್ದು, ಬೇಡವಾದದ್ದು ಎಲ್ಲವೂ ಅಂಗಡಿಗಳ ಮುಂದೆ ತೂಗಾಡುತ್ತಿರುತ್ತವೆ. ಸೀಟ್ ಕವರು, ಮ್ಯಾಟು, ಹಾರನ್ನು, ಫಾಗ್ ಲ್ಯಾಂಪು. ಆಡಿಯೊ ಅಂಗಡಿಗಳಲ್ಲಿ ವೂಫರ್‌ಗಳೂ ಆಂಪ್ಲಿಫೈಯರ್‌ಗಳೂ ಗಾಜಿನ ಹಿಂದೆ ಸಾಲಾಗಿ ಕೂತಿರುತ್ತವೆ. ಗಿರಾಕಿ ಅವುಗಳನ್ನು ಮುಟ್ಟಿ ನೋಡುತ್ತಾನೆ, ಹಾಡು ಹಾಕಿಸಿ ಕೇಳುತ್ತಾನೆ, ಚೌಕಾಸಿ ಮಾಡುತ್ತಾನೆ. ವೈರಿಂಗ್ ಕಿಟ್ಟಿನ ಮಾತು ಬರುವುದು ಬಿಲ್ಲು ಬರೆಯುವಾಗ, ಕೊನೆಯಲ್ಲಿ. ಕಾರು ಅಂಗಡಿ ಬಿಡುವ ಹೊತ್ತಿಗೆ ಆ ವೈರು ಕಾರ್ಪೆಟ್ಟಿನಡಿ ಸೇರಿಹೋಗಿರುತ್ತದೆ. ಆಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಾರ್ ಆಡಿಯೊ ಕೂರಿಸುವವರ ಕಸುಬುಗಾರಿಕೆಯನ್ನು ಅಳೆಯಬೇಕಾದ್ದು ಆ ವೈರಿನಲ್ಲೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಯೊ ಇರುವಾಗ ಡಿಕ್ಕಿಯಲ್ಲಿ ಬೇರೊಂದು ಆಂಪ್ಲಿಫೈಯರ್ ಯಾಕೆ? ಸ್ಟೀರಿಯೊದ ಒಳಗೂ ಒಂದು ಪುಟ್ಟ ಆಂಪ್ಲಿಫೈಯರ್ ಚಿಪ್ ಇರುತ್ತದೆ. ಡಬ್ಬದ ಮೇಲೆ ನಾಲ್ಕು ಸ್ಪೀಕರಿಗೆ ತಲಾ 50 ವ್ಯಾಟ್ ಎಂದು ಬರೆದಿರುವುದೂ ಉಂಟು. ಲೆಕ್ಕ ಹಾಕಿ ನೋಡಿ: ಎಂಜಿನ್ ಓಡುವಾಗ ಸಿಗುವುದು ಹೆಚ್ಚೆಂದರೆ 14.4 ವೋಲ್ಟ್, ಸ್ಪೀಕರಿನ ರೋಧ 4 ಓಮ್. ವೋಲ್ಟನ್ನು ವೋಲ್ಟಿನಿಂದ ಗುಣಿಸಿ ಓಮಿನಿಂದ ಭಾಗಿಸಿದರೆ ಸುಮಾರು 52 ವ್ಯಾಟ್. ಆದರೆ ಇದು ಬ್ಯಾಟರಿಯ ಅಷ್ಟೂ ವೋಲ್ಟೇಜು ಬಿಡುವಿಲ್ಲದೆ ಸ್ಪೀಕರಿನ ಮೇಲೆ ಬಿದ್ದಾಗಿನ ಲೆಕ್ಕ. ಆಗ ಕೇಳಿಸುವುದು ಹಾಡಲ್ಲ, ಒಡಕು ಸದ್ದು. ಶುದ್ಧ ಸ್ವರಕ್ಕೆ ಸಿಗುವುದು ಅದರ ಅರ್ಧ. ಚಿಪ್ಪಿನೊಳಗಿನ ನಷ್ಟವನ್ನೂ ಕಳೆದರೆ ಉಳಿಯುವುದು 20 ವ್ಯಾಟಿನ ಆಸುಪಾಸು. ಕೊಳಲಿಗೆ, ಪಿಟೀಲಿಗೆ, ವಾರ್ತೆಗೆ ಅಷ್ಟು ಸಾಕು. ಹೆದ್ದಾರಿಯ ಗಾಳಿ, ಟೈರುಗಳ ಸದ್ದಿನ ನಡುವೆ ಡೊಳ್ಳಿನ ಪೆಟ್ಟು ಡೊಳ್ಳಿನ ಹಾಗೆಯೇ ಕೇಳಬೇಕೆಂದರೆ ಸಾಲದು.

ಡಿಕ್ಕಿಯ ಆಂಪ್ಲಿಫೈಯರ್ ಮೊದಲು ಮಾಡುವ ಕೆಲಸ ಕಾರಿನ ವೋಲ್ಟೇಜನ್ನು ಏರಿಸಿಕೊಳ್ಳುವುದು. ವೋಲ್ಟೇಜು ಸಾಲದ ಈ ಕಷ್ಟ ಕಾರ್ ರೇಡಿಯೊದಷ್ಟೇ ಹಳೆಯದು. 1930ರಲ್ಲಿ ಷಿಕಾಗೊದ ಗ್ಯಾಲ್ವಿನ್ ಸಹೋದರರು ‘ಮೋಟೊರೋಲಾ’ ಎಂಬ ಹೆಸರಿಟ್ಟು ಕಾರ್ ರೇಡಿಯೊ ಮಾರಲು ಹೊರಟಾಗ ಕಾರುಗಳಲ್ಲಿದ್ದದ್ದು 6 ವೋಲ್ಟಿನ ಬ್ಯಾಟರಿ. ರೇಡಿಯೊದ ವಾಲ್ವ್‌ಗಳಿಗೆ ಅದರ ಹತ್ತಾರು ಪಟ್ಟು ವೋಲ್ಟೇಜು ಬೇಕಿತ್ತು. ಆ ಕಾಲದ ಕಾರ್ ರೇಡಿಯೊಗಳಿಗೆಂದೇ ಬೇರೆ ಬ್ಯಾಟರಿಗಳನ್ನು ಹೊತ್ತೊಯ್ಯಬೇಕಾಗುತ್ತಿತ್ತು. 1950ರ ದಶಕದ ನಡುವಿನಲ್ಲಿ ಅಮೆರಿಕದ ಕಾರುಗಳು 12 ವೋಲ್ಟಿಗೆ ಬದಲಾದವು. ಇವತ್ತಿಗೂ ನಮ್ಮ ಪೆಟ್ರೋಲ್, ಡೀಸೆಲ್ ಕಾರುಗಳೆಲ್ಲ ಅಲ್ಲೇ ನಿಂತಿವೆ.

12 ವೋಲ್ಟಿನಲ್ಲಿ ಹೆಚ್ಚು ಶಕ್ತಿ ಬೇಕೆಂದರೆ ಕರೆಂಟು ಹೆಚ್ಚು ಹರಿಯಲೇಬೇಕು. ನಿಜವಾದ 500 ವ್ಯಾಟ್ ಕೊಡುವ ಎಬಿ ಕ್ಲಾಸಿನ ಆಂಪ್ಲಿಫೈಯರ್ ಎಳೆದುಕೊಂಡ ವಿದ್ಯುತ್ತಿನಲ್ಲಿ ಶೇ 60ರಷ್ಟನ್ನು ಸದ್ದಾಗಿಸುತ್ತದೆ ಎಂದುಕೊಳ್ಳೋಣ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಅದು 13.8 ವೋಲ್ಟಿನಲ್ಲಿ ಎಳೆಯುವುದು 60 ಆಂಪಿಯರ್. ಡಿ ಕ್ಲಾಸಿನದಾದರೆ ನಷ್ಟ ಕಡಿಮೆ, 43 ಆಂಪಿಯರಿನ ಸುತ್ತಮುತ್ತ ಸಾಕು. ಮನೆಯ ಒಂದೂವರೆ ಟನ್ನಿನ ಎ.ಸಿ. ಏಳೆಂಟು ಆಂಪಿಯರ್ ಎಳೆಯುತ್ತದೆ. ಅದರ ಆರೇಳು ಪಟ್ಟು ಕರೆಂಟು ಹಿಂದಿನ ಸೀಟಿನಲ್ಲಿ ಕೂತ ಮಕ್ಕಳ ಕಾಲಡಿಯ ಒಂದೇ ವೈರಿನಲ್ಲಿ ಹರಿಯುತ್ತದೆ.

12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಅದಕ್ಕೇ ಅದರ ಬಗ್ಗೆ ಯಾರಿಗೂ ಹೆದರಿಕೆಯಿಲ್ಲ. ಕಾರಿನ ಬ್ಯಾಟರಿಯ ಅಪಾಯ ಬೇರೆ ರೀತಿಯದು. ಅದರ ಒಳರೋಧ ಕೆಲವೇ ಮಿಲಿಓಮ್. ಎರಡು ತುದಿ ನೇರ ಕೂಡಿಸಿದರೆ ಒಮ್ಮೆಗೇ ನೂರಾರು ಆಂಪಿಯರ್, ಒಳ್ಳೆಯ ಬ್ಯಾಟರಿಯಾದರೆ ಸಾವಿರಕ್ಕೂ ಮಿಕ್ಕಿ ನುಗ್ಗುತ್ತದೆ. ಕಾರಿನ ಬಾಡಿಯ ತಗಡೆಲ್ಲ ನೆಗೆಟಿವ್. ಆದ್ದರಿಂದ ಬಾನೆಟ್ಟಿನಿಂದ ಡಿಕ್ಕಿವರೆಗಿನ ನಾಲ್ಕೈದು ಮೀಟರ್ ಉದ್ದಕ್ಕೂ ಕೆಂಪು ವೈರಿನ ಸಿಪ್ಪೆ ಎಲ್ಲಿ ಸವೆದು ತಾಮ್ರ ತಗಡಿಗೆ ತಾಗಿದರೂ ಅಲ್ಲಿ ಶಾರ್ಟ್. ಫ್ಯೂಸ್ ಇಲ್ಲದಿದ್ದರೆ ಕ್ಷಣಗಳಲ್ಲಿ ವೈರು ಕೆಂಡವಾಗಿ ಸುತ್ತಲಿನ ಕಾರ್ಪೆಟ್ಟು, ಸೀಟಿನ ಫೋಮು ಹೊತ್ತಿಕೊಳ್ಳುತ್ತವೆ. ಬಹಳಷ್ಟು ಸಣ್ಣ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಹಿಂದಿನ ಸೀಟಿನ ಕೆಳಗೇ.

ಫ್ಯೂಸ್ ಇರುವುದು ಆಂಪ್ಲಿಫೈಯರಿನ ರಕ್ಷಣೆಗೆಂದು ಕಾರಿನ ಮಾಲೀಕರು ಮಾತ್ರವಲ್ಲ, ಕೆಲಸ ಮಾಡುವ ಹುಡುಗರಲ್ಲೂ ಎಷ್ಟೋ ಜನ ನಂಬಿದ್ದಾರೆ. ಆಂಪ್ಲಿಫೈಯರಿಗೆ ಅದರ ಮೈಮೇಲೆಯೇ ಸ್ವಂತ ಫ್ಯೂಸ್‌ಗಳಿರುತ್ತವೆ. ನಾವು ಹಾಕುವ ದೊಡ್ಡ ಫ್ಯೂಸ್ ವೈರಿನ ಕಾವಲಿಗೆ. ಇದೊಂದು ತಿಳಿದರೆ ಅದನ್ನು ಎಲ್ಲಿ ಕೂರಿಸಬೇಕು, ಎಷ್ಟರದು ಹಾಕಬೇಕು ಎಂಬ ಎರಡು ಪ್ರಶ್ನೆಗೂ ಉತ್ತರ ತಾನಾಗಿ ಸಿಗುತ್ತದೆ. ಕರೆಂಟು ಹೊರಡುವುದು ಬ್ಯಾಟರಿಯಿಂದ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತುಂಡು ವೈರಿಗೆ ಯಾವ ಕಾವಲೂ ಇಲ್ಲ, ಹಾಗಾಗಿ ಆ ತುಂಡು ಎಷ್ಟು ಗಿಡ್ಡವಿದ್ದರೆ ಅಷ್ಟು ಒಳ್ಳೆಯದು. ಒಂದೂವರೆ ಅಡಿ, ಎಂದರೆ 45 ಸೆಂಟಿಮೀಟರ್ ಮೀರಬಾರದು ಎಂಬುದು ಈ ಕಸುಬಿನವರು ಎಲ್ಲ ಕಡೆ ಒಪ್ಪಿದ ಮಾತು. ಡಿಕ್ಕಿಯಲ್ಲಿ ಕೈಗೆ ಸುಲಭವಾಗಿ ಸಿಗಲೆಂದು ಆಂಪ್ಲಿಫೈಯರ್ ಪಕ್ಕದಲ್ಲಿ ಫ್ಯೂಸ್ ಕೂರಿಸಿದರೆ, ಕಾಯಬೇಕಾದ ವೈರೆಲ್ಲ ಅದರ ಹಿಂದೆಯೇ ಉಳಿದುಬಿಡುತ್ತದೆ.

ಎಷ್ಟರ ಫ್ಯೂಸ್? ಆಂಪ್ಲಿಫೈಯರಿನ ಮೈಮೇಲೆ 30 ಆಂಪಿಯರಿನ ಎರಡು ಫ್ಯೂಸ್ ಇದ್ದರೆ ಅದರ ಹಸಿವು 60. ಅಷ್ಟನ್ನು ನಿರಾಯಾಸವಾಗಿ ಹೊರುವ ವೈರು ಬೇಕು, ಬ್ಯಾಟರಿ ಪಕ್ಕ 60ರ ಫ್ಯೂಸ್ ಬೇಕು. ವೈರು ತಡೆಯುವುದಕ್ಕಿಂತ ಹೆಚ್ಚಿನ ಫ್ಯೂಸ್ ಎಂದಿಗೂ ಕೂಡದು. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಒಂದು ಮೆಟ್ಟಿಲು ಮೇಲಿನದನ್ನು ಹಾಕಿ ಕಳಿಸುವುದು ಕೆಟ್ಟ ಚಾಳಿ. ಫ್ಯೂಸ್ ಹೋಗುವುದಕ್ಕೆ ಕಾರಣವಿದೆ, ಅದನ್ನು ಹುಡುಕಬೇಕು. ಫ್ಯೂಸ್‌ಗಳೇನೂ ಮುಟ್ಟಿದರೆ ಮುನಿ ಸ್ವಭಾವದವಲ್ಲ. ಡ್ಯಾಶ್‌ಬೋರ್ಡಿನಡಿ ಸಿಗುವ ಬಣ್ಣಬಣ್ಣದ ಬ್ಲೇಡ್ ಫ್ಯೂಸ್‌ಗಳನ್ನೇ ನೋಡಿ: 10ರದು ಕೆಂಪು, 15ರದು ನೀಲಿ, 20 ಹಳದಿ, 30 ಹಸಿರು. 1976ರಲ್ಲಿ ಅಮೆರಿಕದ ಲಿಟ್ಟೆಲ್‌ಫ್ಯೂಸ್ ಕಂಪನಿ ರೂಪಿಸಿದ ಮಾದರಿ ಇದು. ತನ್ನ ಅಳತೆಗಿಂತ ಶೇ 10ರಷ್ಟು ಹೆಚ್ಚು ಹರಿದರೂ ಇದು ಗಂಟೆಗಟ್ಟಲೆ ತಾಳುತ್ತದೆ. ಎರಡರಷ್ಟು ಹರಿದರೆ ಮಾತ್ರ ಕೆಲವೇ ಸೆಕೆಂಡುಗಳಲ್ಲಿ ಕರಗುತ್ತದೆ. ಡೊಳ್ಳಿನ ಒಂದು ಪೆಟ್ಟಿಗೆ ಕರೆಂಟು ಜಿಗಿದರೆ ಸುಡುವುದಿಲ್ಲ, ಶಾರ್ಟ್ ಆದರೆ ತಡಮಾಡುವುದಿಲ್ಲ. ಆಂಪ್ಲಿಫೈಯರಿನ ಮುಖ್ಯ ವೈರಿಗೆ ಹಾಕುವುದು ಇದಕ್ಕಿಂತ ದಪ್ಪದ್ದು, ಬೋಲ್ಟಿನಿಂದ ಬಿಗಿಯುವ ಎಎನ್ಎಲ್ ಜಾತಿಯದು.

ವೈರು ಕೊಳ್ಳುವಾಗ ಅಳತೆಯ ಗೊಂದಲವೊಂದಿದೆ. ಮನೆಯ ವೈರಿಂಗಿನಲ್ಲಿ ನಾವು ಚದರ ಮಿಲಿಮೀಟರಿನಲ್ಲಿ ಮಾತಾಡುತ್ತೇವೆ, ಕಾರ್ ಆಡಿಯೊದಲ್ಲಿ ಅಮೆರಿಕದ ಗೇಜ್ ನಡೆಯುತ್ತದೆ. ಗೇಜಿನಲ್ಲಿ ಅಂಕಿ ಇಳಿದಷ್ಟೂ ವೈರು ದಪ್ಪ. 8 ಗೇಜ್ ಎಂದರೆ 8.4 ಚದರ ಮಿಲಿಮೀಟರ್, 4 ಗೇಜ್ ಎಂದರೆ 21. ‘ನಾಲ್ಕರ ವೈರು’ ಎಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿದರೆ ಕೊಡುವುದು 4 ಚದರ ಮಿಲಿಮೀಟರಿನದು, ಬೇಕಾದ್ದರ ಐದನೇ ಒಂದು ಭಾಗ. ಇನ್ನು, ಕಡಿಮೆ ಬೆಲೆಯ ಕಿಟ್ಟುಗಳಲ್ಲಿ ಬರುವುದು ಬಹುಮಟ್ಟಿಗೆ ಅಲ್ಯೂಮಿನಿಯಂ ಎಳೆಗಳ ಮೇಲೆ ತಾಮ್ರದ ಲೇಪ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ಅಲ್ಯೂಮಿನಿಯಂ ವಿದ್ಯುತ್ತನ್ನು ಒಯ್ಯುವುದು ತಾಮ್ರದ ಶೇ 60ರಷ್ಟು ಮಾತ್ರ, ಹಾಗಾಗಿ ಇಂಥ ವೈರನ್ನು ಇನ್ನೂ ದಪ್ಪದ್ದೇ ಆರಿಸಬೇಕು. ಸಿಪ್ಪೆಯೇ ದಪ್ಪ, ಒಳಗೆ ಎಳೆ ಕೆಲವೇ ಎಂಬಂಥ ವೈರುಗಳೂ ಸಿಗುತ್ತವೆ, ತುದಿ ಕತ್ತರಿಸಿ ನೋಡದೆ ಕೊಳ್ಳಬಾರದು. 4 ಗೇಜಿನ ಅಪ್ಪಟ ತಾಮ್ರ 5 ಮೀಟರ್ ಎಳೆದು 60 ಆಂಪಿಯರ್ ಹರಿಸಿದರೆ ದಾರಿಯಲ್ಲಿ ಕಳೆದುಹೋಗುವುದು ಕಾಲು ವೋಲ್ಟ್. 8 ಗೇಜಿನಲ್ಲಿ ಅದು 0.6 ವೋಲ್ಟ್ ದಾಟುತ್ತದೆ, ಅಷ್ಟೂ ವೈರಿನ ಬಿಸಿಯಾಗಿ.

ಈಗ ಕೈಕೆಲಸ. ನುರಿತವರು ಕಾರು ನಿಲ್ಲಿಸಿದ ಕೂಡಲೇ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಪಕ್ಕಕ್ಕೆ ಸರಿಸುತ್ತಾರೆ. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನಲ್ಲಿ ಕಂಪನಿಯವರೇ ಬಿಟ್ಟ ರಬ್ಬರ್ ಮುಚ್ಚಳದ ತೂತನ್ನು ಹುಡುಕುತ್ತಾರೆ. ಹೊಸ ತೂತು ಕೊರೆಯಲೇಬೇಕಾದರೆ ಅಂಚನ್ನು ಅರದಿಂದ ನಯಮಾಡಿ ರಬ್ಬರ್ ಬುಶ್ ಕೂರಿಸಿದ ಮೇಲೇ ವೈರು ತೂರಿಸುತ್ತಾರೆ. ಬರಿ ತಗಡಿನ ಅಂಚು ಎಂಜಿನ್ನಿನ ನಡುಕಕ್ಕೆ ದಿನದಿನವೂ ಸಿಪ್ಪೆಯನ್ನು ಕೊಯ್ಯುತ್ತಿರುತ್ತದೆ. ಬಾನೆಟ್ಟಿನಡಿಯ ಭಾಗವನ್ನು ಸುಕ್ಕು ಸುಕ್ಕಾದ ಫ್ಲೆಕ್ಸಿಬಲ್ ಪೈಪಿನೊಳಗೆ ಸೇರಿಸುವುದು ಬಿಸಿಗೆ, ಉಜ್ಜಾಟಕ್ಕೆ ರಕ್ಷಣೆ. ನಮ್ಮ ಊರುಗಳಲ್ಲಿ ಇಲಿಗಳಿಗೂ ಇದೇ ಮೊದಲ ತಡೆ. ಅಲ್ಲಿಂದ ವೈರು ಬಾಗಿಲ ಹೊಸ್ತಿಲ ಪಟ್ಟಿಯಡಿ ಹಿಂದಕ್ಕೆ ಹೋಗುತ್ತದೆ. ಸ್ಟೀರಿಯೊದಿಂದ ಹಾಡು ಒಯ್ಯುವ ಆರ್‌ಸಿಎ ಕೇಬಲ್ಲನ್ನು ಅದರ ಜೊತೆಯಲ್ಲೇ ಎಳೆಯದೆ ಕಾರಿನ ಇನ್ನೊಂದು ಮಗ್ಗುಲಿಂದ ತರುತ್ತಾರೆ. ಆಂಪ್ಲಿಫೈಯರನ್ನು ಎಬ್ಬಿಸುವ ತೆಳ್ಳನೆಯ ನೀಲಿ ರಿಮೋಟ್ ವೈರು ಆ ಕೇಬಲ್ಲಿನ ಜೊತೆಗೇ ಬಂದರೆ ಅಡ್ಡಿಯಿಲ್ಲ. ಸ್ಟೀರಿಯೊ ಆರಿದಾಗ ಆಂಪ್ಲಿಫೈಯರೂ ಆರುವುದು ಈ ವೈರಿನಿಂದ. ಇದನ್ನು ನೇರ ಬ್ಯಾಟರಿಗೆ ಕೊಟ್ಟರೆ ಆಂಪ್ಲಿಫೈಯರ್ ಹಗಲೂ ರಾತ್ರಿ ಎಚ್ಚರವಾಗಿದ್ದು ಬ್ಯಾಟರಿಯನ್ನು ಹೀರುತ್ತಿರುತ್ತದೆ.

ಅರ್ಥಿಂಗ್ ಕೆಲಸವನ್ನು ನೋಡಿದರೆ ಕೈಯ ಗುಣ ಗೊತ್ತಾಗಿಬಿಡುತ್ತದೆ. ಕೆಂಪು ವೈರಿನಲ್ಲಿ ಹೋದ 60 ಆಂಪಿಯರೂ ಕಪ್ಪು ವೈರಿನಲ್ಲಿ ಮರಳಬೇಕು, ಆದ್ದರಿಂದ ಅದೂ ಅಷ್ಟೇ ದಪ್ಪ ಇರಬೇಕು, ಉದ್ದ ಒಂದೂವರೆ ಅಡಿಯೊಳಗಿದ್ದರೆ ಚೆಂದ. ಕೈಗೆ ಸಿಕ್ಕ ಯಾವುದೋ ಸ್ಕ್ರೂವಿಗೆ ಸುತ್ತಿದರೆ ಆಗದು. ಗಟ್ಟಿ ತಗಡಿನ ಜಾಗ ಆರಿಸಿ, ಪೇಂಟನ್ನು ಸ್ಯಾಂಡ್ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಕ್ರಿಂಪ್ ಮಾಡಿದ ತಾಮ್ರದ ಲಗ್ಗನ್ನು ಹಲ್ಲಿನ ವಾಷರ್ ಇಟ್ಟು ಬೋಲ್ಟಿನಿಂದ ಬಿಗಿದು, ಮೇಲೆ ತುಕ್ಕು ಹಿಡಿಯದಂತೆ ಪೇಂಟ್ ಬಳಿಯಬೇಕು. ಎಕ್ಸಿಲರೇಟರ್ ತುಳಿದಂತೆಲ್ಲ ಸ್ಪೀಕರಿನಲ್ಲಿ ಕುಂಯ್‌ಗುಡುವ ಸದ್ದು ಏರುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಈ ಜಾಗವನ್ನೇ. ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಅರ್ಧ ಗಂಟೆಯಲ್ಲಿ ಮುಗಿಸಿಕೊಡಿ ಎಂದು ಕೂಲಿಯಲ್ಲೂ ಚೌಕಾಸಿ ಮಾಡುವ ಗಿರಾಕಿ ತನ್ನ ಕಾರಿಗೆ ತಾನೇ ಅನ್ಯಾಯ ಮಾಡಿಕೊಳ್ಳುತ್ತಾನೆ. ಅಂಗಡಿಯಲ್ಲೇ ಹಿರಿಯರ ಕೈಕೆಳಗೆ ಕಲಿತ ಈ ಕೆಲಸಗಾರರಿಗೆ ಪೂರ್ತಿ ಸಮಯವನ್ನೂ ಪೂರ್ತಿ ಕೂಲಿಯನ್ನೂ ಕೊಟ್ಟರೆ ಅವರು ಮಾಡುವ ಕೆಲಸ ಕಾರಿನ ಆಯಸ್ಸಿನುದ್ದಕ್ಕೂ ಬಾಳುತ್ತದೆ.

ಎಲ್ಲ ಜೋಡಿಸಿ ಆದಮೇಲೆ ಮುಖ್ಯ ಫ್ಯೂಸನ್ನು ಕೂರಿಸುವುದು ಕಟ್ಟಕಡೆಗೆ. ಆಮೇಲೆ ಎಂಜಿನ್ ಚಾಲೂ ಮಾಡಿ, ಜೋರಾಗಿ ಹಾಡು ಹಾಕಿ, ಬ್ಯಾಟರಿಯ ತುದಿಯಲ್ಲೂ ಆಂಪ್ಲಿಫೈಯರಿನ ತುದಿಯಲ್ಲೂ ಮೀಟರ್ ಹಿಡಿದು ವೋಲ್ಟ್ ಹೋಲಿಸಬೇಕು. ಅಂತರ ಅರ್ಧ ವೋಲ್ಟಿನೊಳಗಿದ್ದರೆ ಸರಿ. ಅರ್ಧ ಗಂಟೆ ನುಡಿಸಿದ ಬಳಿಕ ಫ್ಯೂಸ್ ಹೋಲ್ಡರನ್ನು ಕೈಯಿಂದ ಮುಟ್ಟಿ ನೋಡಬೇಕು. ಚುರುಗುಟ್ಟುತ್ತಿದ್ದರೆ ಅಲ್ಲೊಂದು ಬೋಲ್ಟು ಸಡಿಲವಿದೆ ಎಂದು ತಿಳಿಯಬೇಕು. ಒಂದು ವಾರ ಓಡಿಸಿದ ಮೇಲೆ ಕಾರನ್ನು ಮತ್ತೊಮ್ಮೆ ಅಂಗಡಿಗೆ ಒಯ್ದು ಬ್ಯಾಟರಿಯ ಟರ್ಮಿನಲ್, ಫ್ಯೂಸ್, ಅರ್ಥಿಂಗ್ ಮೂರು ಕಡೆಯೂ ಬಿಗಿ ಮಾಡಿಸಿ. ಅದೇ ಅಳತೆಯ ಒಂದು ಫ್ಯೂಸನ್ನು ಹೆಚ್ಚಿಗೆ ಕೊಂಡು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟುಕೊಳ್ಳಿ.