ಪತ್ರೆ ಹರಿಯುವ ಕೈ ಬೀಜವನ್ನೂ ಊರಲಿ

ಲಿಂಗಪೂಜೆಗೆ ಪತ್ರೆ ಬೇಕು. ಪತ್ರೆಗೆ ಗಿಡ ಬೇಕು. ಗಿಡಕ್ಕೆ ಬೀಜ ಬೇಕು, ಬೀಜ ಊರುವ ಕೈ ಬೇಕು. ಮೊದಲ ಮಾತನ್ನು ನಾವೆಲ್ಲರೂ ಬಲ್ಲೆವು. ಕೊನೆಯ ಮಾತನ್ನು ಮಾತ್ರ ಮರೆತು ಕುಳಿತಿದ್ದೇವೆ. ಶ್ರಾವಣ ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಗುಡಿ-ಮಠಗಳ ಅಂಗಳದ ಪತ್ರೀ ಗಿಡಗಳಿಗೆ ಬಿಡುವಿಲ್ಲ. ಕೈಗೆ ನಿಲುಕಿದ್ದನ್ನು ಹರಿಯುತ್ತೇವೆ, ನಿಲುಕದಿದ್ದರೆ ಟೊಂಗೆಯನ್ನೇ ಮುರಿಯುತ್ತೇವೆ. ತಿಂಗಳು ಮುಗಿಯುವಷ್ಟರಲ್ಲಿ ಗಿಡ ಬೋಳಾಗಿ ನಿಲ್ಲುತ್ತದೆ. ಶಿವನಿಗೆ ಪ್ರಿಯವಾದ ಗಿಡವನ್ನು ನೋಯಿಸಿ ಶಿವನನ್ನು ಒಲಿಸಲು ಹೊರಡುವುದು ಎಂಥ ಭಕ್ತಿ?

ನಮ್ಮದು ಬಿಸಿಲ ನಾಡು. ಭೀಮೆ, ಅಮರ್ಜೆ ಹರಿದರೂ ನಮ್ಮಲ್ಲಿ ಕಾಡು ಕಡಿಮೆ. ರಾಜ್ಯದಲ್ಲಿ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳ ಸಾಲಿನಲ್ಲಿ ಕಲಬುರಗಿ ಇದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. 1972ರ ಬರವನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ಮಕ್ಕಳೂ ಕಂಡಿದ್ದಾರೆ. ಬರಕ್ಕೂ ನೆರೆಗೂ ಗಿಡವೊಂದೇ ಮದ್ದಲ್ಲ, ನಿಜ. ಆದರೆ ಉರಿಬಿಸಿಲಲ್ಲಿ ದನಕರು ನಿಲ್ಲಲು ನೆರಳು, ಹೊಲದ ಮಣ್ಣು ಕೊಚ್ಚಿ ಹೋಗದಂತೆ ಹಿಡಿಯಲು ಬೇರು, ಇವನ್ನು ಗಿಡವಲ್ಲದೆ ಬೇರೆ ಯಾರು ಕೊಟ್ಟಾರು?

ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ, ಕಲಬುರಗಿಯಲ್ಲಿ ದಾಸೋಹದ ದೀಪ ಹಚ್ಚಿದ ಮಹಾದಾಸೋಹಿ ಶರಣಬಸವೇಶ್ವರರ ಕಥೆ ಈ ಭಾಗದ ಮನೆಮನೆಗೂ ಗೊತ್ತು. ತೆನೆಗೆ ಬಂದ ಹಕ್ಕಿಗಳನ್ನು ಶರಣರು ಕವಣೆ ಬೀಸಿ ಓಡಿಸಲಿಲ್ಲ. ಕಾಳು ತಿನ್ನಲು ಬಿಟ್ಟು, ಕುಡಿಯಲು ನೀರನ್ನೂ ಇಟ್ಟರು ಎಂದು ಹಿರಿಯರು ಹೇಳುತ್ತಾರೆ. ಆ ಹಕ್ಕಿಗಳು ಉಂಡು ಸುಮ್ಮನೆ ಹೋಗುವವಲ್ಲ. ಬೇವಿನ ಹಣ್ಣು ತಿಂದು ಬೀಜವನ್ನು ಹೊಲದ ಬದುವಿನ ಮೇಲೆ ಬಿಡುತ್ತವೆ. ಯಾರೂ ನೆಡದ ಬೇವಿನ ಗಿಡ ಅಲ್ಲಿ ಎದ್ದು ನಿಲ್ಲುತ್ತದೆ. ಉಂಡ ಋಣವನ್ನು ಹಕ್ಕಿ ತೀರಿಸುತ್ತದೆ. ವರ್ಷಗಟ್ಟಲೆ ಪತ್ರೆ ಹರಿದ ನಾವು ಒಂದು ಬೀಜವನ್ನಾದರೂ ಮಣ್ಣಿಗೆ ಕೊಟ್ಟಿದ್ದೇವೆಯೇ?

ಇದಕ್ಕೆ ಹಣ ಬೇಕಿಲ್ಲ. ಬೇಸಿಗೆಯಲ್ಲಿ ಮಾಗಿ ಬಿದ್ದ ಪತ್ರೀ ಕಾಯಿಯನ್ನು ಒಡೆಯಿರಿ. ಬೀಜಕ್ಕೆ ಅಂಟು ಅಂಟಾದ ತಿರುಳು ಹತ್ತಿರುತ್ತದೆ. ನೀರಲ್ಲಿ ನೆನೆಹಾಕಿ, ಮರಳಿನಲ್ಲಿ ತಿಕ್ಕಿ ತೊಳೆದು, ನೆರಳಲ್ಲಿ ಒಣಗಿಸಿ, ತಡಮಾಡದೆ ಊರಿರಿ. ಮಿರಗ, ಆರಿದ್ರಾ ಮಳೆಯ ಹೊತ್ತಿಗೆ ಬೇವಿನ ಹಣ್ಣು ಉದುರುತ್ತದೆ. ಅದರ ಬೀಜಕ್ಕೆ ಆಯುಷ್ಯ ಬಹಳವಿಲ್ಲ. ತಿರುಳು ತೆಗೆದು ಎರಡು ವಾರದೊಳಗೆ ಊರದಿದ್ದರೆ ಜೀವ ಆರಿಹೋಗುತ್ತದೆ. ನೇರಳೆಯದೂ ಇದೇ ಗುಣ. ಹುಣಸೆ ಬೀಜ ಹಾಗಲ್ಲ, ಡಬ್ಬಿಯಲ್ಲಿ ಇಟ್ಟರೂ ಬಹುಕಾಲ ಬಾಳುತ್ತದೆ. ಸಿಪ್ಪೆ ಗಟ್ಟಿಯಾದ್ದರಿಂದ ಒಂದು ರಾತ್ರಿ ನೀರಲ್ಲಿ ನೆನೆಸಿ ಊರಬೇಕು. ಒಂದೊಂದು ಬೀಜಕ್ಕೆ ಒಂದೊಂದು ಕಾಲ. ಕಾಲವನ್ನರಿತು ಮಾಡಿದ್ದೇ ಕಾಯಕ.

ನಮ್ಮ ಎರೆಮಣ್ಣು ತೊಯ್ದರೆ ಅಂಟು, ಒಣಗಿದರೆ ಕಲ್ಲು. ಅದೊಂದನ್ನೇ ತುಂಬಿದರೆ ಎಳೆ ಬೇರಿಗೆ ಉಸಿರಿಲ್ಲ. ಸಮನಾಗಿ ಮರಳನ್ನೂ ಹಳೆಯ ತಿಪ್ಪೆಗೊಬ್ಬರವನ್ನೂ ಬೆರೆಸಿರಿ. ಹಾಲಿನ ಪಾಕೀಟು, ಒಡೆದ ಕೊಡ, ಏನಾದರೂ ನಡೆದೀತು. ತಳದಲ್ಲಿ ನೀರು ಇಳಿಯಲು ತೂತು ಮಾತ್ರ ಇರಲಿ. ಬೀಜದ ದಪ್ಪದ ಎರಡರಷ್ಟು ಆಳಕ್ಕಿಂತ ಕೆಳಗೆ ಊರಬೇಡಿ. ಸಸಿಯನ್ನು ವರ್ಷಕ್ಕಿಂತ ಹೆಚ್ಚು ಕಾಲ ಪಾಕೀಟಿನಲ್ಲಿ ಇಟ್ಟರೆ ತಾಯಿಬೇರು ಸುತ್ತಿಕೊಳ್ಳುತ್ತದೆ. ಮರುವರ್ಷದ ಮೊದಲ ಹದ ಮಳೆಗೆ ಬದುವಿನ ಮೇಲೆ, ನೀರು ನಿಲ್ಲದ ಕಡೆ ನೆಡಿರಿ. ಸುತ್ತ ಜಾಲಿಮುಳ್ಳಿನ ಬೇಲಿ ಇರಲಿ, ಆಡು ಭಕ್ತಿಯನ್ನು ನೋಡುವುದಿಲ್ಲ! ಬೇಸಿಗೆಯಲ್ಲಿ ಎರೆನೆಲ ಬಿರಿದು ಬೇರನ್ನು ಹರಿಯುತ್ತದೆ. ಅದಕ್ಕೆ ಬುಡದಲ್ಲಿ ತೊಗರಿ ಹೊಟ್ಟು ಹೊದಿಸಿ, ತೂತಿನ ಮಡಿಕೆಯೊಂದನ್ನು ಹುಗಿದು ನೀರು ತುಂಬುತ್ತಿರಿ. ಕಾವಲಿಗೆ ಆಳು ಇರುವಲ್ಲಿ ನೆಲದಲ್ಲೇ ಬೀಜ ಊರುವುದು ಇನ್ನೂ ಒಳ್ಳೆಯದು. ತಾಯಿಬೇರು ನೆಟ್ಟಗೆ ಆಳಕ್ಕೆ ಇಳಿಯುತ್ತದೆ.

‘ನಾವು ಓದಿದವರಲ್ಲ, ನಮಗೆ ಇದೆಲ್ಲ ತಿಳಿಯದು’ ಎನ್ನುವವರು ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅಮ್ಮನವರನ್ನು ನೆನೆಯಬೇಕು. ಹಾಲಕ್ಕಿ ಸಮಾಜದ ಆ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ಸಸ್ಯಪಾಲನೆಯಲ್ಲಿ ಕೂಲಿ ಮಾಡುತ್ತಲೇ ಯಾವ ಬೀಜಕ್ಕೆ ಯಾವ ಕಾಲ, ಯಾವ ತಾಯಿಮರದ ಬೀಜ ಲೇಸು ಎಂಬುದನ್ನು ಕಣ್ಣಿಂದ, ಕೈಯಿಂದ ಕಲಿತರು. ಸಾವಿರ ಸಾವಿರ ಸಸಿಗಳನ್ನು ಬೆಳೆಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಪ್ರಶಸ್ತಿ ಪಡೆಯಲು ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲೇ ನಡೆದು ಹೋದರು. 2024ರ ಡಿಸೆಂಬರ್‌ನಲ್ಲಿ ಶಿವಾಧೀನರಾದರು. ಅವರು ಬೆಳೆಸಿದ ಗಿಡಗಳು ನಿಂತಿವೆ. ಕಾಯಕವೇ ಕೈಲಾಸ ಎಂಬುದಕ್ಕೆ ಬೇರೆ ಸಾಕ್ಷಿ ಏಕೆ?

‘ವಯಸ್ಸಾಯಿತು, ಈಗ ಊರಿದ ಬೀಜದ ನೆರಳನ್ನು ನಾವು ಕಂಡೇವೆಯೇ?’ ಎಂದು ಕೇಳುವ ಹಿರಿಯರಿದ್ದಾರೆ. ಬೀಜದಿಂದ ಬೆಳೆದ ಪತ್ರೀ ಗಿಡ ಕಾಯಿ ಬಿಡಲು ಏಳೆಂಟು ವರ್ಷ ಬೇಕು. ಕಂಡರೂ ಕಂಡೇವು, ಕಾಣದಿದ್ದರೂ ಇಲ್ಲ. ಆದರೆ ಇಂದು ನಾವು ಸಾರಿಗೆ ಹಾಕುವ ಹುಣಸೆಯ ಗಿಡವನ್ನು ಊರಿದವರು ಯಾರು? ಅವರ ಹೆಸರೂ ನಮಗೆ ಗೊತ್ತಿಲ್ಲ. ನಮ್ಮ ಹೆಸರು ಕೇಳಿ ಅವರು ಬೀಜ ಊರಲಿಲ್ಲ. ಉಣ್ಣುವವನ ಮುಖ ನೋಡದೆ ನೀಡುವುದೇ ದಾಸೋಹ. ಮುಂದೆ ಹುಟ್ಟುವವರಿಗೆ ಮಾಡುವ ದಾಸೋಹ ಅದರಲ್ಲೂ ದೊಡ್ಡದು.

ಆದ್ದರಿಂದ ಸದ್ಭಕ್ತರಲ್ಲಿ ನಮ್ಮ ಬಿನ್ನಹ ಇಷ್ಟೇ. ಪೂಜೆಗೆ ಬೇಕಾದಷ್ಟೇ ಪತ್ರೆ ಹರಿಯಿರಿ, ಟೊಂಗೆ ಮುರಿಯಬೇಡಿ. ಮನೆಗೆ ಒಂದರಂತೆ ಪತ್ರೀ ಬೀಜ, ಹೊಲದ ಬದುವಿಗೆ ಒಂದರಂತೆ ಬೇವು ಇಲ್ಲವೆ ಹುಣಸೆ ಬೀಜ ಊರಿರಿ. ಊರುವಾಗ ಮೊಮ್ಮಕ್ಕಳನ್ನು ಹತ್ತಿರ ಕೂಡಿಸಿಕೊಂಡು, ನೀರುಣಿಸುವ ಕೆಲಸವನ್ನು ಅವರಿಗೆ ವಹಿಸಿರಿ. ಹಿರಿಯರ ಅರಿವು, ಕಿರಿಯರ ಕೈ, ಮೇಲೆ ಶಿವನ ಕೃಪೆ, ಇವು ಮೂರೂ ಕೂಡಿದರೆ ಮೂರು ತಾಲೂಕಿನ ಬಿಸಿಲು ಒಂದಿಷ್ಟಾದರೂ ತಂಪಾದೀತು.