ಬೀಗದ ಕೈ ಬಿಡಿ, ಮಿದುಳಿನ ಮಾತು ಕೇಳಿ

ಕೊಟ್ಟೂರಿನ ತೇರಿನ ದಿನ, ಆ ಜನಜಂಗುಳಿಯಲ್ಲಿ ಒಬ್ಬ ಹುಡುಗಿ ದೊಪ್ಪನೆ ಬಿದ್ದು ಕೈಕಾಲು ಸೆಟೆದುಕೊಂಡಳು ಅಂತ ಇಟ್ಟುಕೊಳ್ಳಿ. ಏನಾಗುತ್ತೆ? ಒಬ್ಬರು ಬೀಗದ ಕೈ ಹಿಡಿಸ್ತಾರೆ, ಇನ್ನೊಬ್ಬರು ಈರುಳ್ಳಿ ಮೂಸಿಸ್ತಾರೆ, ಮತ್ತೊಬ್ಬರು ‘ಗಾಳಿ ಸೋಕೈತಿ’ ಅಂತಾರೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲಿ ಹೋದರೂ ಇದೇ ದೃಶ್ಯ. ಮನೆಗೆ ಬಂದ ಮೇಲೆ ಹೆತ್ತವರಿಗೆ ಒಂದೇ ಚಿಂತೆ: ಊರಿಗೆ ಗೊತ್ತಾದರೆ ಇವಳ ಮದುವೆ ಹೆಂಗೆ?

ಮೂರ್ಛೆ ರೋಗ, ಫಿಟ್ಸ್, ಅಪಸ್ಮಾರ, ಹೆಸರು ಯಾವುದೇ ಇರಲಿ ವೀಕ್ಷಕರೇ, ಅದು ದೆವ್ವ ಅಲ್ಲ, ಕರೆಂಟು. ಮಿದುಳಿನ ಜೀವಕೋಶಗಳು ಪರಸ್ಪರ ಮಾತಾಡೋದೇ ಅತಿ ಸಣ್ಣ ವಿದ್ಯುತ್ತಿನಲ್ಲಿ. ಸಾವಿರಾರು ಕೋಶಗಳು ಹದ ತಪ್ಪಿ ಒಟ್ಟಿಗೇ ಕೂಗಿದರೆ ಅದೇ ಫಿಟ್ಸ್.

ಈ ಕರೆಂಟನ್ನು ಮನುಷ್ಯನ ತಲೆಯ ಮೇಲಿಂದ ಮೊದಲು ದಾಖಲಿಸಿದ್ದು ಜರ್ಮನಿಯ ಹ್ಯಾನ್ಸ್ ಬರ್ಗರ್, 1924ರಲ್ಲಿ. ಅದೇ ಇವತ್ತಿನ ಇಇಜಿ. ಆದರೆ ಅದಕ್ಕೊಂದು ಮಿತಿ ಇದೆ. ನಮ್ಮ ಕಡೆಯ ಮಾಳಿಗೆ ಮನೆಯ ದಪ್ಪ ಗೋಡೆಯ ಹೊರಗೆ ನಿಂತರೆ ಒಳಗೆ ಜಗಳ ಆಗ್ತಿದೆ ಅಂತ ಗೊತ್ತಾಗುತ್ತೆ, ಯಾರು ಶುರು ಮಾಡಿದರು ಅಂತ ಗೊತ್ತಾಗಲ್ಲ. ತಲೆಬುರುಡೆಯೂ ಅಂಥದ್ದೇ ಗೋಡೆ.

ಹಾಗಾದರೆ ಗೋಡೆಯ ಒಳಗೇ ಕಿವಿ ಇಟ್ಟರೆ? ಅದೇ ಎಲೆಕ್ಟ್ರೋಕಾರ್ಟಿಕೋಗ್ರಫಿ. ಬುರುಡೆ ತೆರೆದು, ಮಿದುಳಿನ ಮೇಲ್ಮೈಯಲ್ಲಿ ಎಲೆಕ್ಟ್ರೋಡ್‌ಗಳ ತೆಳು ಹಾಳೆ ಹಾಸಿ, ಫಿಟ್ಸ್ ಹುಟ್ಟುವ ಜಾಗ ಹುಡುಕುವುದು. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಮತ್ತು ಹರ್ಬರ್ಟ್ ಜಾಸ್ಪರ್ ಇದನ್ನು ಬೆಳೆಸಿದರು. ಅಲ್ಲೇ ತರಬೇತಾದ ಡಾ. ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನಲ್ಲಿ ದೇಶದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ ಕಟ್ಟಿದರು. ಇವತ್ತು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅಪಸ್ಮಾರದ ಆಪರೇಷನ್ ಆಗುತ್ತೆ.

ಈಗ ಆ ಹಾಳೆ ಇನ್ನೂ ಸೂಕ್ಷ್ಮವಾಗಿದೆ. ಹಳೆಯದರಲ್ಲಿ ಎಲೆಕ್ಟ್ರೋಡ್‌ಗಳ ನಡುವೆ ಸುಮಾರು ಒಂದು ಸೆಂಟಿಮೀಟರ್ ಅಂತರ. ಅಮೆರಿಕದ ಪ್ರಿಸಿಷನ್ ನ್ಯೂರೋಸೈನ್ಸ್ ಕಂಪನಿಯ ಹೊಸ ಹಾಳೆ ಕೂದಲಿಗಿಂತ ತೆಳು, ಅದರಲ್ಲಿ 1,024 ಎಲೆಕ್ಟ್ರೋಡ್! 2025ರಲ್ಲಿ ಅದನ್ನು 30 ದಿನದವರೆಗೆ ಬಳಸಲು ಅಲ್ಲಿನ ಸರ್ಕಾರ ಅನುಮತಿ ಕೊಟ್ಟಿತು. 2023ರಲ್ಲಿ ಕ್ಯಾಲಿಫೋರ್ನಿಯಾದ ಡಾ. ಎಡ್ವರ್ಡ್ ಚಾಂಗ್ ತಂಡ, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡಿದ್ದ ಮಹಿಳೆಗೆ 253 ಎಲೆಕ್ಟ್ರೋಡ್ ಇಟ್ಟು, ನಿಮಿಷಕ್ಕೆ 78 ಪದದ ವೇಗದಲ್ಲಿ ಕಂಪ್ಯೂಟರ್ ಮೂಲಕ ಮಾತಾಡಿಸಿತು. ಮನಸ್ಸಿನ ಗುಟ್ಟು ಓದಿದ್ದಲ್ಲ ಇದು. ಆಕೆ ಮಾತಾಡಲು ಪಟ್ಟ ಪ್ರಯತ್ನವನ್ನು ಓದಿದ್ದು.

ಸರಿ, ನಮ್ಮ ಐದು ತಾಲ್ಲೂಕಿಗೆ ಇದರಿಂದ ಏನು? 2004ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ನೋಡಿ. ಬೆಂಗಳೂರು ನಗರದಲ್ಲಿ ಸಾವಿರಕ್ಕೆ ಸುಮಾರು 6 ಜನರಿಗೆ ಅಪಸ್ಮಾರ, ಸುತ್ತಲಿನ ಹಳ್ಳಿಗಳಲ್ಲಿ ಸುಮಾರು 12. ಅಂದರೆ ಕಾಯಿಲೆ ಹಳ್ಳಿಯಲ್ಲಿ, ಯಂತ್ರ ರಾಜಧಾನಿಯಲ್ಲಿ!

ಆದರೂ ಎದೆಗುಂದಬೇಡಿ. ಸರಿಯಾಗಿ ಮಾತ್ರೆ ನುಂಗಿದರೆ ಹತ್ತರಲ್ಲಿ ಏಳು ಮಂದಿಗೆ ಫಿಟ್ಸ್ ಹತೋಟಿಗೆ ಬರುತ್ತೆ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಬೇಡಿ. ಸರಿಯಾದ ಎರಡು ಔಷಧಿಗೂ ಬಗ್ಗದಿದ್ದರೆ, ‘ಆಪರೇಷನ್ನಿಗೆ ಪರೀಕ್ಷೆ ಮಾಡಿಸಬೇಕಾ?’ ಅಂತ ನೀವೇ ಕೇಳಿ. ಎಲ್ಲರಿಗೂ ಅದು ಬೇಕಿಲ್ಲ, ಬೇಕಾದವರಿಗೆ ತಡವಾಗಬಾರದು.

ಯಾರಾದರೂ ಬಿದ್ದರೆ ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನೂ ತುರುಕಬೇಡಿ. ಐದು ನಿಮಿಷ ಮೀರಿದರೆ 108ಕ್ಕೆ ಫೋನ್ ಮಾಡಿ.

ಇನ್ನು ಮದುವೆ ಮಾತು. ಅಪಸ್ಮಾರದ ಹೆಸರಲ್ಲಿ ಮದುವೆ ರದ್ದು ಮಾಡುವ ಅಂಶವನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದುಹಾಕಿದ್ದಾರೆ. ಕಾನೂನು ಬದಲಾಗಿ ಇಷ್ಟು ವರ್ಷವಾಯಿತು. ಆ ಹುಡುಗಿ ಕಾಯ್ತಿರೋದು, ನಾವು ಬದಲಾಗೋದು ಯಾವಾಗ ಅಂತ!